ನಡುವಿನ ಮೂವತ್ತೊಂದು ಮೀಟರು

ಕುತೈಸಿಯ ಹೆರಿಗೆ ಆಸ್ಪತ್ರೆಗೂ ಪಕ್ಕದ ಮನೆಗೂ ನಡುವೆ
ಕಣ್ಣಳತೆಗೆ ಮೂವತ್ತೊಂದು ಮೀಟರು.
ಕಾಗೆ ನಾಲ್ಕು ಬಡಿತಕ್ಕೆ ದಾಟುತ್ತದೆ.
ನರ್ಸು ಮೇದೆಯಾ ಚಪ್ಪಲಿ ಮೆಟ್ಟಿ
ಫೈಲು ಎದೆಗವಚಿ ದಿನಕ್ಕೆ ಇಪ್ಪತ್ತು ಸಲ.
ಕೇಬಲ್ಲು ಹಾಗೆ ಹೋಗುವಂತಿಲ್ಲ.

ಪೆಟ್ಟಿಗೆಯಿಂದ ಮೇಲೆ, ಚಾವಣಿಯುದ್ದಕ್ಕೂ ಅಡ್ಡ,
ಲಿಫ್ಟಿನ ಮೋಟಾರಿಗೆ ದೂರ ಸರಿದು,
ಮೆಟ್ಟಿಲ ಮೂಲೆಯಲ್ಲಿ ಕೆಳಗೆ, ಗೋಡೆ ಕೊರೆದು ಹೊರಗೆ,
ಅಂಗಳದ ಮಣ್ಣಲ್ಲಿ ಮೊಣಕಾಲು ಮುಳುಗುವಷ್ಟು ಆಳ,
ಆಚೆ ಮತ್ತೆ ಏರಿ,
ಎರಡೂ ತುದಿಗೆ ಸುತ್ತಿಡುವ ಮೂರು ಮೂರು ಮೀಟರು ಸೇರಿ
ನನ್ನ ಪಟ್ಟಿಯಲ್ಲಿ ನೂರ ಹನ್ನೆರಡು.
ತಾಮ್ರಕ್ಕೆ ನೂರರ ಮೇಲೆ ಉಸಿರಿಲ್ಲ.

"ಹನ್ನೆರಡೇ ಮೀಟರು ತಾನೆ, ಲಮಾರಾ ಚಿಕ್ಕಮ್ಮ,
ಯಾರು ಅಳೆಯುತ್ತಾರೆ?" ಎಂದ ಸಹಾಯಕ ತಮಾಜ್.
ಸಿಗ್ನಲ್ಲು ಅಳೆಯುತ್ತದೆ ಮಗನೆ.
ಅದಕ್ಕೂ ಮೊದಲು ಸಿಡಿಲು.

ಆಸ್ಪತ್ರೆಯ ಅರ್ಥಿಂಗಿಗೆ ನೆಲಕ್ಕೆ ಹೊಡೆದ ಮೂರು ಸರಳು;
ಪಕ್ಕದ ಮನೆಗೆ ತುಕ್ಕು ಹಿಡಿದ ನೀರಿನ ಕೊಳವೆಯೇ ಗತಿ.
ಒಂದೇ ಅಂಗಳ, ಒಂದೇ ಮಣ್ಣು,
ಆದರೂ ಭೂಮಿ ಎರಡು.
ಮೀಟರು ಹಿಡಿದು ತೋರಿಸಿದೆ: ಹದಿನೇಳು ವೋಲ್ಟು,
ಇವರ ಸೊನ್ನೆಗೂ ಅವರ ಸೊನ್ನೆಗೂ ನಡುವೆ.
ಸಿಡಿಲಿನ ರಾತ್ರಿ ಅದು ಎಷ್ಟು ಸಾವಿರವೋ.
ತಾಮ್ರ ಎಳೆದೆವೋ, ಎರಡು ಸೊನ್ನೆಗಳೂ
ಲೆಕ್ಕ ಸರಿಮಾಡಿಕೊಳ್ಳಲು ಹೊರಡುತ್ತವೆ,
ನಡುವೆ ಸಿಕ್ಕ ಪಾಪದ ಸ್ವಿಚ್ಚು ಸುಡುತ್ತದೆ.
ತಮಾಜ್ ಜೋರಾಗಿ ನಕ್ಕ. ಹೊಸದಾಗಿ ಮದುವೆಯಾದವನು,
ತಾಯಿಯ ಮನೆಯಲ್ಲೇ ಸಂಸಾರ.

ಆದ್ದರಿಂದ ಗಾಜು.
ಕೂದಲಿಗಿಂತ ತುಸು ದಪ್ಪ.
ಬೆಳಕನ್ನಷ್ಟೇ ಬಿಟ್ಟುಕೊಳ್ಳುತ್ತದೆ:
ನಿನ್ನ ಭೂಮಿ ನಿನಗೆ, ನನ್ನದು ನನಗೆ,
ಮಾತು ಮಾತ್ರ ಆಚೀಚೆ.

ಕಷ್ಟ ಬಂದದ್ದು ದ್ರಾಕ್ಷಿಯಿಂದ.
ಮೇಲಿನ ಮಹಡಿಯ ಬೊಂದೊ, ಎಂಬತ್ತರ ಹತ್ತಿರ,
ಊರುಗೋಲಿನಿಂದ ನನ್ನ ಸುಣ್ಣದ ಗೆರೆ ಅಳಿಸಿದ:
"ನನ್ನ ಬಳ್ಳಿಯ ಬೇರಿಗೆ ಗುದ್ದಲಿ ತಾಗಿದರೆ
ನಿನ್ನ ಕಂಪ್ಯೂಟರಿಗೆ ಒಳ್ಳೆಯದಾಗುವುದಿಲ್ಲ."
ಆಮೇಲೆ ತಾನೇ ಕರೆದು ಚಪ್ಪರದಡಿ ತೋರಿಸಿದ
ಕಾಂಡ ಅರ್ಧ ನುಂಗಿಬಿಟ್ಟಿದ್ದ
ಎರಡೆಳೆ ತಂತಿ, ಬಟ್ಟೆ ಸುತ್ತಿದ್ದು.

"ತೊಂಬತ್ತಮೂರರ ಚಳಿಗಾಲ.
ಊರೆಲ್ಲ ಕತ್ತಲು, ಆಸ್ಪತ್ರೆಯ ಲೈನಿಗಷ್ಟೇ ಕರೆಂಟು.
ಮೇದೆಯಾಳ ಅಜ್ಜಿ, ಆಗ ಸೂಲಗಿತ್ತಿ,
ಕಿಟಕಿಯಿಂದ ಇದನ್ನು ಎಸೆದಳು, ನಾನು ಹಿಡಿದೆ.
ಒಂದು ಬಲ್ಬು, ಒಂದು ಒಲೆ. ನಾಲ್ಕು ಸಂಸಾರ
ಸರದಿಯಲ್ಲಿ ಬೇಯಿಸಿಕೊಂಡವು."
"ಕದ್ದದ್ದಾ?" ತಮಾಜ್ ಕೇಳಿದ.
ಮುದುಕ ಸ್ವಲ್ಪ ಹೊತ್ತು ಯೋಚಿಸಿದ.
"ಕೊಟ್ಟದ್ದು. ಲೆಕ್ಕದಲ್ಲಿ ಕದ್ದದ್ದು."

ನಾನು ಮಾತಾಡಲಿಲ್ಲ.
ಅಳತೆಯಿಲ್ಲ, ಫ್ಯೂಸಿಲ್ಲ, ಅರ್ಥಿಂಗಿಲ್ಲ,
ನನ್ನ ಯಾವ ಪರೀಕ್ಷೆಯಲ್ಲೂ ಪಾಸಾಗದ ತಂತಿ.
ಒದ್ದೆ ಕೈಯಲ್ಲಿ ಮುಟ್ಟಿದ್ದರೆ ಸಾಯಬಹುದಿತ್ತು ಯಾರಾದರೂ.
ಯಾರೂ ಸಾಯಲಿಲ್ಲವಂತೆ.
ಒಂದು ಮಗು ಹುಟ್ಟಿತಂತೆ ಆ ಬಲ್ಬಿನಡಿ,
ಮೂವತ್ತೊಂದು ಮೀಟರು ದಾಟಲೂ ಪುರುಸೊತ್ತು ಕೊಡದೆ.

ಗೆರೆ ಬದಲಿಸಿದೆ.
ಬೇರು ತಪ್ಪಿಸಿ, ದಾಳಿಂಬೆಯ ಬುಡ ಬಳಸಿ,
ಗಾಜು ಮುರಿಯದಷ್ಟು ಅಗಲದ ತಿರುವು.
ಒಂಬತ್ತು ಮೀಟರು ಹೆಚ್ಚು:
ಗಾಜಿಗೆ ಅದೊಂದು ಲೆಕ್ಕವಲ್ಲ, ನನ್ನ ಬಿಲ್ಲಿಗೆ ಹೌದು.
ಮ್ಯಾನೇಜರು ಹುಬ್ಬೇರಿಸಿದರೆ
"ಬಂಡೆ ಸಿಕ್ಕಿತು" ಅನ್ನು ಎಂದು
ತಮಾಜನಿಗೆ ಹೇಳಿಕೊಟ್ಟಿದ್ದೇನೆ.

ಎರಡು ಪೈಪು ಹೂಳುತ್ತೇವೆ. ಒಂದರಲ್ಲಿ ಗಾಜು,
ಇನ್ನೊಂದರಲ್ಲಿ ಬರೀ ಒಂದು ನೈಲಾನ್ ದಾರ,
ಎರಡೂ ತುದಿಗೆ ಗಂಟು ಹಾಕಿ.
ಯಾತಕ್ಕೆ ಎಂದ ಬೊಂದೊ.
ಗೊತ್ತಿಲ್ಲ ಎಂದೆ. ಎಳೆಯುವವರು ಬಂದಾರು.

ಹಳೆಯ ತಂತಿ ಬಿಚ್ಚಲಿಲ್ಲ. ನಕ್ಷೆಯಲ್ಲೂ ಕಾಣಿಸಿಲ್ಲ.
ಸೋಮವಾರ ಅಗೆತ, ಮಳೆ ಬಾರದಿದ್ದರೆ.
ಅಲ್ಲಿಯವರೆಗೆ ಮೇದೆಯಾ,
ಚಪ್ಪಲಿ ಮೆಟ್ಟಿ, ಎದೆಗೆ ಫೈಲು.